ಗಾಜಿನ ಮೇಲೊಂದು ಗೆರೆ

ತಾಷ್ಕೆಂಟಿನಿಂದ ಬಕೆಟ್ ಬಂತು, ಮುಚ್ಚಳಕ್ಕೆ ಟೇಪು ಸುತ್ತಿ.
ಅಜ್ಜಿ ಉಲ್ಬೋಸಿನ್ ಎತ್ತಿ ನೋಡಿದಳು, ಅಲ್ಲಾಡಿಸಿದಳು.
"ಏನಿದು?"
"ಉಪ್ಪು."
"ದುಡ್ಡು ಕೊಟ್ಟು?"
ಆಮೇಲೆ ನಕ್ಕಳು ನೋಡಿ, ಹೊಲಿಗೆ ಬಿಚ್ಚಿದ ಮೂಟೆಯ ಹಾಗೆ.
ಈ ನೂಕುಸಿನಲ್ಲಿ ಉಪ್ಪು ತರಿಸಿಕೊಂಡವನು ನೀನೊಬ್ಬನೇ,
ಗಾಳಿ ಎದ್ದ ದಿನ ಹಗ್ಗದ ಮೇಲಿನ ಅಂಗಿ ಕೊಡವು,
ಬಿಟ್ಟಿ ಬೀಳುತ್ತದೆ ಸೇರುಗಟ್ಟಲೆ.

ನಾನು ಫೋನ್ ರಿಪೇರಿಯವನು. ಬಜಾರಿನ ಮೂಲೆ, ಎರಡಡಿ ಮೇಜು.
ಒದ್ದೆಯಾದದ್ದನ್ನು ಒಣಗಿಸುವುದು ಕಸುಬು.
ಈಗ ನಲವತ್ತು ಲೀಟರ್ ಒದ್ದೆಯನ್ನು
ಬೇಕೆಂದೇ ಮನೆಯೊಳಗೆ ತಂದುಕೊಂಡಿದ್ದೇನೆ.

ನಲ್ಲಿ ನೀರು ಆಗದು, ಅದರಲ್ಲಿ ಏನೇನೋ ಇದೆ.
ಮೊದಲು ಸೋಸಿ, ಇದ್ದ ಉಪ್ಪನ್ನೆಲ್ಲ ಕಳೆದು
ಆಮೇಲೆ ಬೇರೆ ಉಪ್ಪು ಹಾಕಬೇಕು.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ;
ನಾನಿಲ್ಲಿ ಕೂತು ನೀರಿಗೇ ಉಪ್ಪು ತಿನ್ನಿಸುತ್ತಿದ್ದೇನೆ,
ಲೀಟರಿಗೆ ಮೂವತ್ತೈದು ಗ್ರಾಂ, ಒಂದೊಂದೇ ಹಿಡಿ,
ಮರದ ಸೌಟಿನಲ್ಲಿ ಕದಡುತ್ತ.
ಮಾಪಕವನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ
ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಒಂದು ಅಂಚು.
ಅಜ್ಜಿ ಇಸಿದುಕೊಂಡು ನೋಡಿದಳು.
ಬಹಳ ಹೊತ್ತು ನೋಡಿದಳು.
ವಾಪಸು ಕೊಡುವಾಗ ಏನೂ ಅನ್ನಲಿಲ್ಲ.

ಕಲ್ಲು ಬಂದದ್ದು ರೈಲಿನಲ್ಲಿ,
ಒದ್ದೆ ಪೇಪರು ಸುತ್ತಿದ ಎರಡು ಕಿಲೋ ಜೀವಂತ ಕಲ್ಲು.
ಅದರ ಹೆಸರೇ ಹಾಗೆ, ನಾನು ಕಟ್ಟಿದ್ದಲ್ಲ.
ಅಂಗಡಿಯ ಗೆನ್ನಾದಿ ಹೆಗಾಯ್ ಫೋನಿನಲ್ಲಿ ಹೇಳಿದ: ಇನ್ನು ಕಾಯಿ.
ಮೀನು ಬೇಡ. ಒಂದು ತಿಂಗಳು ಬೇಡ.
ಖಾಲಿ ನೀರಿಗೆ ದಿನಾ ಒಂದು ಚಿಟಿಕೆ ತಿಂಡಿ ಉದುರಿಸು,
ಕೊಳೆಯಲಿ. ಕೊಳೆತದ್ದನ್ನು ಉಣ್ಣುವವರು
ಕಣ್ಣಿಗೆ ಕಾಣದವರು, ಮೊದಲು ಅವರು ಸಂಸಾರ ಹೂಡಲಿ.

ಹೀಗೆ, ಯಾರೂ ಇಲ್ಲದ ಮನೆಗೆ ಬಡಿಸುತ್ತಿದ್ದೇನೆ.
ಕೊಳವೆಯಲ್ಲಿ ಹನಿ ಬಿಟ್ಟು ಕುಲುಕಿದರೆ
ಒಂದು ದಿನ ಹಸಿರು, ಒಂದು ದಿನ ನೇರಳೆ. ಎರಡೂ ವಿಷ.
ಹತ್ತನೇ ದಿನ ಮರಳಿನ ಮೇಲೆ ಕಂದು ಲೋಳೆ.
"ತುಕ್ಕು," ಅಂದಳು ಅಜ್ಜಿ, ಹಡಗುಗಳ ಊರಿನವಳು.

ಮುಯ್ನಾಕಿನ ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಮೀನಿನ ಹೊಟ್ಟೆ ಸೀಳಿದವಳು.
ಕಡಲು ಹಿಂದೆ ಸರಿಯತೊಡಗಿದಾಗ ಹುಡುಗರು
ನೀರಂಚಿಗೆ ಗೂಟ ನೆಟ್ಟರಂತೆ, ಮರುವರ್ಷ ಇನ್ನೊಂದು,
ಬರಬರುತ್ತ ಗೂಟ ನೆಟ್ಟು ಬರುವುದೇ
ಬುತ್ತಿ ಕಟ್ಟಿಕೊಂಡು ಹೋಗುವ ದಾರಿಯಾಯಿತಂತೆ.
ಕಾರ್ಖಾನೆ ಮಾತ್ರ ಕೂಡಲೇ ನಿಲ್ಲಲಿಲ್ಲ.
ಯಾವುದೋ ಕಡಲಿನ ಮೀನು, ಹೆಪ್ಪುಗಟ್ಟಿ, ರೈಲಿನಲ್ಲಿ ಬರುತ್ತಿತ್ತು.
"ಹೆಸರು ಗೊತ್ತಿರಲಿಲ್ಲ. ಸೀಳಿದೆವು.
ನಮ್ಮೂರಿನ ಚೀಟಿ ಅಂಟಿಸಿದೆವು."

ಆರಿಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ,
ಅದಕ್ಕೇ ದಿನಾ ಬರೀ ಸಿಹಿನೀರು ಸೇರಿಸಬೇಕು
ಎಂಬುದನ್ನು ಓದಿ ತಿಳಿದು, ಅವಳಿಗೆ ವಿವರಿಸಲು ಹೊರಟೆ.
ನನ್ನನ್ನೇ ನೋಡಿದಳು.
ನಾಲಗೆ ಕಚ್ಚಿಕೊಂಡೆ.
ಎದ್ದು ಹೋಗಿ ತಂಗಿ ಐಜಾದಾಳ ಉಗುರುಬಣ್ಣದ ಸೀಸೆ ತಂದು
ಗಾಜಿನ ಮೇಲೆ, ನೀರಿನ ಮಟ್ಟಕ್ಕೆ, ಕೆಂಪು ಗೆರೆ ಎಳೆದಳು.
ಕೈ ನಡುಗಿ ಗೆರೆ ಸೊಟ್ಟ. ಅಳಿಸಗೊಡಲಿಲ್ಲ.
ಈಗ ನಾನು ಏಳುವ ಮೊದಲೇ ಅವಳ ಲೋಟ,
ಗೆರೆ ಮುಟ್ಟುವವರೆಗೆ ಹೊಯ್ಯುತ್ತಾಳೆ, ಹೊಯ್ಯುತ್ತ ಬೈಯುತ್ತಾಳೆ,
ಯಾರನ್ನು ಎಂದು ಕೇಳಿಲ್ಲ.

ಇಪ್ಪತ್ತಮೂರನೇ ರಾತ್ರಿ ಕರೆಂಟು ಹೋಯಿತು.
ಟಾರ್ಚನ್ನು ಬಾಯಲ್ಲಿ ಕಚ್ಚಿ ಗಾಳಿ ಪಂಪಿಗೆ ಬ್ಯಾಟರಿ ಸಿಕ್ಕಿಸುತ್ತಿದ್ದಾಗ
ಕಲ್ಲಿನ ಬಿರುಕಿನಿಂದ ಏನೋ ಚಾಚಿತು,
ದಾರಕ್ಕಿಂತ ಸಣ್ಣ ಬಿಳಿ ತೋಳು, ಅದರ ಹಿಂದೆ ಇನ್ನೊಂದು,
ನೀರನ್ನು ತಡವಿ ನೋಡಿ ಒಳಗೆಳೆದುಕೊಂಡಿತು.
ನಾನು ಕೊಂಡದ್ದಲ್ಲ. ಹೆಗಾಯ್‌ನ ರಸೀದಿಯಲ್ಲಿಲ್ಲ.
ಅಜ್ಜಿ ಗಾಜಿಗೆ ಮೂಗು ಒತ್ತಿ
"ಇದಕ್ಕೆ ಟಿಕೆಟ್ ತೆಗೆದಿದ್ದೆಯಾ?" ಅಂದಳು.