ಒಂದು ಗೇಣು

ದೀಪ ಆರಿಸಿದರು. ಕೋಣೆಯಲ್ಲಿ ಈಗ
ಅಲ್ಟ್ರಾಸೌಂಡ್ ಪರದೆಯ ಬೂದು ಬೆಳಕೊಂದೇ.
ಅದರೆದುರು ಐಜಾತ್‌ಳ ಮುಖ,
ಒಲೆ ಮುಂದೆ ಕೂತವರ ಹಾಗೆ.

ಮೇಜಿನ ಮೇಲೆ ತೋಕ್ತೋಸುನ್, ಕುರಿಗಾಹಿ.
ಎರಡು ವಾರದ ಜ್ವರ, ಕುದುರೆ ಮೇಲೆ ಒಂದೂವರೆ ದಿನ,
ಆಮೇಲೆ ಯಾರದೋ ಲಾರಿ.
ಯಕೃತ್ತಿನ ಬಲಕ್ಕೆ ಕೀವಿನ ಮಡು
ಪರದೆಯಲ್ಲಿ ಕಪ್ಪಗೆ,
ನಾರಿನ್ ನದಿ ಹೆಪ್ಪುಗಟ್ಟಿದ ಮೇಲೂ
ನಡುವೆ ಎಲ್ಲೋ ಉಳಿದ ನೀರಿನಂತೆ.

ನಾನು ಗೋಡೆಗೊರಗಿದ್ದೇನೆ, ಕೈ ಕಟ್ಟಿ.
ಮೂವತ್ತೊಂದು ವರ್ಷ ಇದೇ ಮೇಜಿನ ಮೇಲೆ
ಹೊಟ್ಟೆ ತೆರೆದವನು.
ಎಂಬತ್ತಾರರಲ್ಲಿ ಇವನ ಅಪ್ಪನದೂ:
ಪಕ್ಕೆಲುಬಿನ ಕೆಳಗೆ ಒಂದು ಗೇಣು ನಾಲ್ಕು ಬೆರಳು.
ಮಣಿಕಟ್ಟಿನವರೆಗೆ ಕೈ ಒಳಗೆ,
ಕಣ್ಣಿಗೆ ಕಾಣದ್ದನ್ನು ಬೆರಳು ತಡಕಾಡುತ್ತಿತ್ತು.
ಬದುಕಿದ.
ನಲವತ್ತು ದಿನ ಮಲಗಿ, ಬದುಕಿದ.

"ಉಸಿರು ಹಿಡಿ," ಅಂದಳು ಐಜಾತ್.
ಅವನು ಹಿಡಿದ. ನಾನೂ ಹಿಡಿದೆ.
ಪರದೆಯಲ್ಲೊಂದು ಬಿಳಿ ಚುಕ್ಕಿ, ಸೂಜಿಯ ತುದಿ,
ಚರ್ಮ ದಾಟಿ, ಸ್ನಾಯು ದಾಟಿ,
ಮರಳು ಮರಳಾದ ಬೂದಿಯೊಳಗೆ
ರಕ್ತನಾಳವೊಂದರ ಪಕ್ಕ, ಕೂದಲೆಳೆಯಷ್ಟು ಆಚೆ.
ಆ ನಾಳ ನನಗೆ ಗೊತ್ತು.
ಒಮ್ಮೆ ನನ್ನ ಕೈಗೆ ಅದು ತಪ್ಪಲಿಲ್ಲ.
ಯಾರೆಂದು ಹೇಳುವುದಿಲ್ಲ,
ಹೆಂಗಸು, ಎರಡು ಮಕ್ಕಳಿದ್ದವು.

ತಟ್ಟನೆ ಕಪ್ಪಿನ ನಡುವೆ ಮಿನುಗಿತು ತುದಿ.
ತಂತಿ, ತಂತಿಯ ಗುಂಟ ಕೊಳವೆ, ಕೊಳವೆಗೆ ಚೀಲ.
ಆರುನೂರ ನಲವತ್ತು ಮಿಲಿ. ಕಂದು. ಕೆಟ್ಟ ನಾತ.
ಇಪ್ಪತ್ತು ನಿಮಿಷ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದೆನೇ, ಅನ್ನಿಸಿತು.
ಆಗ ಇದ್ದದ್ದು ಕೊಡಲಿಯೊಂದೇ.

ಮೂರನೇ ದಿನ ಜ್ವರವಿಲ್ಲ.
ತೋಕ್ತೋಸುನ್ ಎದ್ದು ಕೂತು ಅಂಗಿ ಎತ್ತಿ ನೋಡಿಕೊಂಡ.
ಕೊಳವೆ, ಅದರ ಬುಡದಲ್ಲೊಂದು ಹೊಲಿಗೆ.
"ಇಷ್ಟೇನಾ?"
ಮುಖ ಸಪ್ಪಗಾಯಿತು.
"ಅಪ್ಪ ಕುಮಿಸ್ ಏರಿದಾಗಲೆಲ್ಲ ಅಂಗಿ ಎತ್ತುತ್ತಿದ್ದ.
ಗೇಣು ಹಾಕಿ ತೋರಿಸುತ್ತಿದ್ದ,
ಇದು ಡಾಕ್ಟರ್ ಕುಬಾತ್ ಎಳೆದ ಗೆರೆ ಅಂತ.
ನಾನು ಹುಲ್ಲುಗಾವಲಿಗೆ ಹೋಗಿ ಏನು ತೋರಿಸಲಿ?"

ಐಜಾತ್‌ಗೆ ನಗು ತಡೆಯಲಿಲ್ಲ.
"ಕೇಳು, ಅವರೇ ಇವರು," ಅಂದಳು.
ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ.
ನಾನದನ್ನು ಕೋಟಿನ ಜೇಬಿಗೆ ಇಳಿಸಿದೆ.
ಅಲ್ಲಿ, ಕರವಸ್ತ್ರ ಬೀಗದ ಕೈಗಳ ನಡುವೆ,
ಹೆಬ್ಬೆರಳು ಕಿರುಬೆರಳು
ತಾವಾಗಿಯೇ ದೂರ ಸರಿದವು.