ಐದನೆಯ ಖಾನೆ

ಗುಟ್ಟಹಳ್ಳಿಯ ಹಿಟ್ಟಿನ ಗಿರಣಿಯ ಮೇಲಿನ ಮಹಡಿ,
ಮನೆಗೆಲಸದವರ ಸಂಘದ ಆಫೀಸು ನಮ್ಮದು.
ಕೆಳಗೆ ರಾಗಿ ಬಿದ್ದರೆ ಮೇಲೆ ಮೇಜು ನಡುಗುತ್ತದೆ,
ಗೋಧಿಗೆ ಸ್ವಲ್ಪ ಕಡಿಮೆ.
ಮೂರು ಕಂಪ್ಯೂಟರು, ಯಾರೋ ದಾನ ಕೊಟ್ಟವು;
ಬೆಳಗಾಗುವಷ್ಟರಲ್ಲಿ ಮೂರಕ್ಕೂ ತಲೆ ನೆರೆತಿರುತ್ತದೆ.

ಸಭೆ ಹತ್ತೂವರೆಗೆ. ನಡಾವಳಿ ಬರೆಯುವವಳು ನಾನು.
ಟ್ರಸ್ಟಿ ಶ್ರೀಕಂಠಯ್ಯನವರು ಒಂದು ಪಟ್ಟಿ ತಂದಿದ್ದರು,
ಬಣ್ಣದ ಪ್ರಿಂಟು, ನಾಲ್ಕು ಖಾನೆ:
ಕೆಲಸ ಯಾವುದು. ಯಾರದು. ಯಾವಾಗ.
ಅವರು ಬಾರದ ದಿನ ಯಾರು.
‘ಎಲ್ಲರೂ ಎಲ್ಲವನ್ನೂ ಮುಟ್ಟೋದು ನಿಲ್ಲಬೇಕು’ ಅಂದರು.
ನಿಜವೇ. ಹೋದ ತಿಂಗಳು ಆರುನೂರು ಸದಸ್ಯರ ಫೋನ್ ನಂಬರು
ಮಧ್ಯಾಹ್ನ ಕಾಣೆಯಾಗಿ
ಸಂಜೆ ಕಂಪ್ಯೂಟರಿನ ಕಸದಬುಟ್ಟಿಯಲ್ಲಿ ಸಿಕ್ಕಿದ್ದವು.
ನಾನು ಅಳಿಸಿಲ್ಲ, ನೀನು ಅಳಿಸಿಲ್ಲ,
ಗಿರಣಿಯವನು ಹತ್ತಿಬಂದು ಅಳಿಸಿಹೋದನೇ?

ವೆಬ್‌ಸೈಟು?
ತಿಪ್ಪೇಶ ಕೈ ಎತ್ತಿದ, ಅರ್ಧವೇ ಎತ್ತಿದ,
ಬಸ್ಸಿನಲ್ಲಿ ಉಳಿದ ಚಿಲ್ಲರೆ ಕೇಳುವವನ ಹಾಗೆ.
ಬರೆದೆ.

ಪಾಸ್‌ವರ್ಡುಗಳು?
ಎಲ್ಲರೂ ಗೋಡೆ ನೋಡಿದರು.
ಕ್ಯಾಲೆಂಡರಿನ ಅಮಾವಾಸ್ಯೆಯ ಚೌಕದೊಳಗೆ
ಪೆನ್ಸಿಲಿನಲ್ಲಿ ಗೀಚಿಟ್ಟದ್ದು ಯಾರಿಗೆ ಗೊತ್ತಿಲ್ಲ?
ಶ್ರೀಕಂಠಯ್ಯನವರೂ ನೋಡಿದರು.
ಎದ್ದುಹೋಗಿ ಆ ತಿಂಗಳನ್ನೇ ಹರಿದು
ಮಡಚಿ ಜೇಬಿಗಿಟ್ಟುಕೊಂಡರು.
ಅವರ ಹೆಸರನ್ನೇ ಬರೆದೆ.

ಬ್ಯಾಕಪ್ಪು?
ಫಿಲೋಮಿನಾ ಕುರ್ಚಿ ಸರಿಸಿದಳು.
ಶನಿವಾರ ಶನಿವಾರ ಎಲ್ಲವನ್ನೂ ಪೆನ್‌ಡ್ರೈವಿಗಿಳಿಸಿ
ಕರವಸ್ತ್ರದಲ್ಲಿ ಗಂಟುಹಾಕಿ
ಲಿಂಗರಾಜಪುರದ ಮನೆಗೆ ಒಯ್ದು
ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾಳಂತೆ.
ಎಂದಿನಿಂದ?
‘ಸೂರು ಸೋರಿ ರಿಜಿಸ್ಟರೆಲ್ಲ
ಬನ್ನಿನ ಹಾಗೆ ಊದಿಕೊಂಡವಲ್ಲ, ಆವತ್ತಿಂದ.’
ಯಾರು ಹೇಳಿದ್ದು?
ಯಾರೂ ಹೇಳಿಲ್ಲ. ಯಾರು ಹೇಳಬೇಕಿತ್ತು?
ಆರುನೂರು ಹೆಂಗಸರ ಸಂಬಳ, ರಜೆ, ಬೈಗುಳ,
ಯಾರ ಮನೆಯಲ್ಲಿ ಯಾರ ಕೈ ಎಲ್ಲಿ ತಾಗಿತೆಂಬ ದೂರು,
ಸೋನಾಮಸೂರಿಯೊಳಗೆ
ಹುಳದ ಜೊತೆ ಕ್ಷೇಮವಾಗಿದ್ದವು.

ಉಳಿದದ್ದು ಒಂದು ಸಾಲು: ಯಂತ್ರಗಳ ನಿರ್ವಹಣೆ.
ಹೊರಗಿನವರಿಗೆ ವಹಿಸೋಣ ಎಂದಾಯಿತು,
ವರ್ಷಕ್ಕೆ ಇಷ್ಟೆಂದು ಲೆಕ್ಕವೂ ಆಗುತ್ತಿತ್ತು.
ಬಾಗಿಲ ಬಳಿ ಟೀ ಲೋಟ ಎಣಿಸುತ್ತಿದ್ದ ಗಂಗರತ್ನಮ್ಮ
ಕೇಳಿಯೇಬಿಟ್ಟಳು:
‘ದಿನಾ ಬೆಳಗ್ಗೆ ಪೆಟ್ಟಿಗೆ ಬಿಚ್ಚಿ
ಪೇಂಟಿನ ಬ್ರಷ್ಷಲ್ಲಿ ಒಳಗಿನ ಫ್ಯಾನಿಂದ ಹಿಟ್ಟು ತೆಗೀತೀನಲ್ಲ,
ಹಸಿರು ದೀಪ ಕೆಂಪಾದ್ರೆ ಪ್ಲಗ್ಗು ಕಿತ್ತು
ಇಪ್ಪತ್ತು ಎಣಿಸಿ ಮತ್ತೆ ಹಾಕ್ತೀನಲ್ಲ,
ಅದರ ಹೆಸರು ಇದೇನಾ?’

ಇದೇ.

‘ಹಂಗಾದ್ರೆ ಬರ್ಕೊಳಿ.
ಬರೆದ್ಮೇಲೆ ಸಂಬಳಕ್ಕೂ ಒಂದು ಗೆರೆ ಎಳೀತೀರಾ
ಇಲ್ಲಾ, ಹೆಸರೊಂದೇನಾ?’

ಇದೇ ಮಾತನ್ನು ಜಯನಗರದ ಗೇಟುಗಳ ಮುಂದೆ
ತಲೆ ತಗ್ಗಿಸದೆ, ದನಿ ಏರಿಸದೆ
ಹೇಗೆ ಕೇಳಬೇಕೆಂದು
ಹದಿನಾಲ್ಕು ವರ್ಷದಿಂದ ಕಲಿಸುತ್ತಿರುವುದು ನಾವೇ.
ಚೆನ್ನಾಗಿ ಕಲಿತಿದ್ದಳು.

ಕೆಳಗೆ ಯಾರದೋ ರಾಗಿ ಬಿತ್ತು.
ಶ್ರೀಕಂಠಯ್ಯನವರು ಕನ್ನಡಕ ಒರೆಸಿದರು, ಎರಡು ಸಲ.
ನಾನು ಸ್ಕೇಲು ಹುಡುಕಿದೆ, ಸಿಗಲಿಲ್ಲ;
ಹಾಜರಿ ಪುಸ್ತಕದ ಅಂಚನ್ನೇ ಒತ್ತಿಹಿಡಿದು
ಬಣ್ಣದ ಪ್ರಿಂಟಿನ ಪಕ್ಕ ಐದನೆಯ ಖಾನೆ ಎಳೆದೆ.
ಮೇಜಿನ ನಡುಕಕ್ಕೆ ಗೆರೆ ಸೊಟ್ಟಗಾಯಿತು, ಇರಲಿ.

ಅದರಲ್ಲಿ ಮೊತ್ತ ಇನ್ನೂ ಬರೆದಿಲ್ಲ.
ನಾಲ್ಕನೆಯದೂ ಖಾಲಿ:
ಅವಳು ಬಾರದ ದಿನ ಯಾರು?
ಅಂಥದೊಂದು ದಿನ ನಮಗ್ಯಾರಿಗೂ ನೆನಪಿಗೆ ಬರಲಿಲ್ಲ.

ಸಭೆ ಮುಂದಕ್ಕೆ, ಹದಿನೇಳಕ್ಕೆ.
ಗಂಗರತ್ನಮ್ಮ ಹಾಜರಾದವರ ಸಾಲಿನಲ್ಲಿ ಸಹಿ ಹಾಕಿ,
ಲೋಟ ತೊಳೆಯಲೆಂದು ಎದ್ದು,
ಏನು ತೋಚಿತೋ, ಮತ್ತೆ ಕೂತಳು.
ಲೋಟಗಳು ಮೇಜಿನ ಮೇಲೆ
ಸಣ್ಣಗೆ ಸದ್ದು ಮಾಡುತ್ತ ಒಂದಕ್ಕೊಂದು ತಾಗುತ್ತಿದ್ದವು.