ಮೊದಲು ಬಂದವರು

ಹನ್ನೆರಡು ಬಂದು ಹತ್ತು ದಿನವಾಯಿತು.
ನ್ಕಾಟಾ ಬೇ ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನ ಪಕ್ಕದ ಕೋಣೆಯಲ್ಲಿ
ಹನ್ನೊಂದು ಇನ್ನೂ ಗುರುಗುಡುತ್ತಿದೆ, ಹಳೇ ಫ್ಯಾನಿನ ಹಾಗೆ.

ಚವನಂಗ್ವ ಅವಸರದವನಲ್ಲ.
ಸೊನ್ನೆ ಅಂಟಿದ ಬಿಡುಗಡೆಗೆ ಮೊದಲು ಬೇರೆಯವರು ಇಳಿಯಲಿ,
ಗುಂಡಿ ಎಲ್ಲಿದೆಯೆಂದು ಬಿದ್ದು ಹೇಳಲಿ:
ಇದು ಅವನ ವೇದಾಂತ.
ಲಿಲೋಂಗ್ವೆಯವರು ಇಳಿದರು, ಎರಡು ದಿನ
ಔಷಧದ ಪಟ್ಟಿಯೇ ಮಾಯ.

ಆದರೆ ಬದಲಾವಣೆಗಳ ಪಟ್ಟಿಯಲ್ಲಿ, ಇನ್ನೂರು ಸಾಲು ದಾಟಿದ ಮೇಲೆ,
'ಅವಳಿ ಹುಟ್ಟಿದಾಗ ಎರಡನೆಯ ಕೂಸಿನ ಸಮಯ
ಮೊದಲನೆಯದನ್ನು ಅಳಿಸುತ್ತಿತ್ತು. ಸರಿಪಡಿಸಿದೆ.'
ನಾಲ್ಕು ವರ್ಷದ ಕೆಳಗೆ ಅವನೇ ಕೊಟ್ಟ ದೂರು.
ಯಾರು ಕೂತು ತಿದ್ದಿದರೋ, ಯಾವ ಊರಿನ ಯಾವ ಇರುಳಲ್ಲೋ,
ಹೆಸರಿನ ಜಾಗದಲ್ಲಿ ಬರೀ ಒಂದು ಮೀನಿನ ಚಿತ್ರ.

ಇಷ್ಟು ದಿನ ಮಿಸೋಜಿ ಸಿಸ್ಟರ್
ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ
ಮೊದಲು ಬಂದವರ ಗಳಿಗೆ ಗೀಚಿಟ್ಟಿದ್ದಾಳೆ.
ಮೂವತ್ತೊಂದು ಕೂಸು.
ಮುಂದೆ ನುಗ್ಗಿದವರಿಗೇ ಹುಟ್ಟಿದ ಹೊತ್ತಿಲ್ಲ, ನೋಡಿ.

ಮಳೆಗಾಲ ಕಳೆಯಲಿ, ಕರೆಂಟು ನೆಟ್ಟಗಾಗಲಿ,
ಹನ್ನೆರಡಕ್ಕೆ ಒಂದು ತೇಪೆಯಾದರೂ ಬೀಳಲಿ...
ಅಷ್ಟರಲ್ಲಿ ಬಾಗಿಲಲ್ಲಿ ಸಿಸ್ಟರ್:
"ಏಳನೇ ಹಾಸಿಗೆ. ಎರಡು ಎದೆಬಡಿತ."

ಅವನು ಹಳೆಯದೆಲ್ಲದರ ನಕಲು
ಎರಡು ಡಿಸ್ಕಿಗೆ ಇಳಿಸತೊಡಗಿದ.
ಅದಕ್ಕೆ ಆರು ಗಂಟೆ ಬೇಕು. ಹೆರಿಗೆಗೆ ಎಷ್ಟೋ.

"ಪೆನ್ಸಿಲು ಚೂಪು ಮಾಡಿಟ್ಟುಕೋ" ಅಂದ.